ಗೋರಿಯ ಗೋಡೆಯ ಅರಳಿಗಿಡ

ಗೆಳೆಯರೇ, ಇವತ್ತು ಅಷ್ಟೂರಿನಲ್ಲಿ ಸುಲ್ತಾನರ ಗೋರಿಯೊಂದರ ಗೋಡೆಯಿಂದ ಕಲ್ಲು ಕಳಚಿ ನನ್ನ ಗೆಳತಿ ಸುನಂದಾಳ ಪಾದದ ಪಕ್ಕಕ್ಕೇ ಬಿತ್ತು.

ಆ ಗೋಡೆಯಲ್ಲೊಂದು ಅರಳಿಗಿಡ ಚಿಗುರಿತ್ತು. ಐದು ವರ್ಷದ ಹಿಂದೆ ಅದನ್ನು ಕೀಳಲು ಬಂದ, ಗೋರಿಗಳ ದುರಸ್ತಿ ಮಾಡುವ ಗೌಂಡಿ ಮಾರುತಿಯನ್ನು ನಮ್ಮ ಪರಿಸರ ಬಳಗ ಅಡ್ಡಗಟ್ಟಿತ್ತು. "ಬರಗಾಲದಾಗ ಹಸರ ಕಡೀಬ್ಯಾಡ್ರಿ" ಎಂದು ಕೂಗಿದವಳು ನಾನೇ. ಆಮೇಲೆ ವಾರವಾರ ಬೀದರಿನಿಂದ ನೀರು ಒಯ್ದು ಹಾಕಿದವಳೂ ನಾನೇ.

ಇವತ್ತು ಕಲ್ಲು ಬಿದ್ದ ಸದ್ದಿಗೆ ಮಾರುತಿ ಓಡಿಬಂದ. ಅರಳಿಯ ಬೇರು ಗೋಡೆಯಲ್ಲಿ ಸೀಳಿದ್ದ ಬಿರುಕು ತೋರಿಸಿ, "ಕೈ ಹಾಕಿ ನೋಡ್ರಿ ಮೇಡಂ" ಎಂದ. ಕೈ ಮೊಣಕೈತನಕ ಒಳಗೆ ಹೋಯಿತು.

"ತಪ್ಪಾತ್ರಿ. ಈಗೇ ಕಡದು ಬಿಡ್ರಿ" ಎಂದೆ.

"ಈಗ ಹ್ಯಾಂಗ ಕಡೀಲಿರಿ? ಆಗ ಬೆರಳಷ್ಟ ದಪ್ಪ ಇತ್ತು. ಈಗ ಗ್ವಾಡಿ ಅದರ ಬೇರಿನ ಮ್ಯಾಲೇ ನಿಂತದ. ಗಿಡ ತಗದ್ರ ಗ್ವಾಡೀನೂ ಬೀಳ್ತದರಿ."

ಎಂಜಿನಿಯರ್ ಬಂದು ಗೋಡೆಗೆ ಆಸರೆ ಕೊಡುವವರೆಗೆ ಯಾರೂ ಹತ್ತಿರ ಹೋಗದಂತೆ ಮಾರುತಿ ಸುತ್ತಲೂ ಹಗ್ಗ ಕಟ್ಟಿದ. ನಾನು ಹಗ್ಗದ ತುದಿ ಹಿಡಿದು ನಿಂತೆ.

ಅಲ್ಲಿಗೆ ಹೋಗುವವರು ದಯವಿಟ್ಟು ದೂರದಲ್ಲೇ ನಿಲ್ಲಿ. ಏನಾಯಿತೆಂದು ಯಾರಾದರೂ ಕೇಳಿದರೆ, ಒಬ್ಬಳು ಗಿಡ ಉಳಿಸಿದಳು ಎನ್ನಿ.