ದ್ವೀಪದ ಫೈನಲಿಗೆ ಹೊರಗಿನವನ ವಿಸಿಲ್

ಜಯಕರ ಕಾಸರಗೋಡಿನ ಕುಂಬಳೆಯ ಕಡೆಯವರು. ಕೊಚ್ಚಿಯ ವಲ್ಲಾರ್ಪಾಡಂ ಬಂದರಿನ ಒಂದು ಕಚೇರಿಗೆ ಗುಮಾಸ್ತರಾಗಿ ಬಂದವರು ಬಾಡಿಗೆ ಕಡಿಮೆಯೆಂದು ಹತ್ತಿರದ ಪುಟ್ಟ ದ್ವೀಪದಲ್ಲಿ ಮನೆ ಹಿಡಿದು ಅಲ್ಲಿಯೇ ಉಳಿದುಬಿಟ್ಟರು. ಹೆಂಡತಿ ಸರೋಜಿನಿ ತಿರುವನಂತಪುರದಲ್ಲಿ ಸರಕಾರದ ಕನ್ನಡ ಅನುವಾದಕಿ. ಶನಿವಾರ ರೈಲಿನಲ್ಲಿ ಬಂದು ಭಾನುವಾರ ಹೊರಡುವವರು. ಮಗ ಸಚಿನ್ ತಂದೆಯ ಬಳಿ ಬೆಳೆದ. ಮನೆಯಲ್ಲಿ ಕನ್ನಡ ಕೇಳಿ ಮಲಯಾಳದಲ್ಲಿ ಉತ್ತರ ಕೊಡುವ, ಅಪ್ಪನನ್ನು ಮಲಯಾಳದಲ್ಲೇ ‘ಅಚ್ಛಾ’ ಎಂದು ಕರೆಯುವ ಹುಡುಗ.

ದ್ವೀಪದ ಪೂರ್ವ ದಡಕ್ಕೆ ‘ಯುವಧಾರ’ ಎಂಬ ಫುಟ್‌ಬಾಲ್ ಕ್ಲಬ್ಬು, ಪಶ್ಚಿಮ ದಡಕ್ಕೆ ‘ಬ್ರದರ್ಸ್’. ತಂಡಕ್ಕೆ ಏಳೇ ಮಂದಿಯ ಸೆವೆನ್ಸ್ ಆಟ. ಇವೆರಡು ಫೈನಲಿಗೆ ಬಂದವೆಂದರೆ ಹೊಡೆದಾಟ ಖಚಿತ. ಜಯಕರ ಬರುವ ಮುಂಚೆ ಅಂಥ ಒಂದು ಫೈನಲಿನಲ್ಲಿ ಬ್ರದರ್ಸಿನ ಒಬ್ಬನ ಕಣ್ಣು ಹೋಯಿತು; ಪೊಲೀಸರು ಪಂದ್ಯಾವಳಿಯನ್ನೇ ನಿಲ್ಲಿಸಿದರು. ರೆಫರಿ ಒಂದು ದಡದವನಾದರೆ ಇನ್ನೊಂದು ದಡ ಒಪ್ಪುವುದಿಲ್ಲ. ಕೊಚ್ಚಿಯಿಂದ ಕರೆಸಿದವರು ಎರಡನೆಯ ಸಲ ದೋಣಿ ಹತ್ತುವುದಿಲ್ಲ.

ಜಯಕರ ಕಾಲೇಜಿನಲ್ಲಿ ಆಡಿದವರು, ರೆಫರಿ ಪರೀಕ್ಷೆ ಪಾಸು ಮಾಡಿದವರು. ಮುಖ್ಯವಾಗಿ, ದ್ವೀಪದಲ್ಲಿ ಅವರಿಗೆ ನೆಂಟರಿಲ್ಲ, ಇಗರ್ಜಿಯಿಲ್ಲ, ದೇವಸ್ಥಾನದ ಕಮಿಟಿಯಿಲ್ಲ, ಪಕ್ಷವಿಲ್ಲ. ಎರಡೂ ದಡದವರು ಅವರ ಕೈಗೆ ವಿಸಿಲ್ ಕೊಟ್ಟರು. ಪಂದ್ಯಾವಳಿ ಮತ್ತೆ ಶುರುವಾಯಿತು. ಫೈನಲಿನ ವಾರ ಅವರು ದ್ವೀಪದ ಯಾರ ಮನೆಯಲ್ಲೂ ಏನನ್ನೂ ಬಾಯಿಗಿಡುತ್ತಿರಲಿಲ್ಲ. ಚಹಾ ಬೇಕೆಂದರೂ ನೀರು ದಾಟಿ ಹೋಗುತ್ತಿದ್ದರು. ಜನ ನಗುತ್ತಿದ್ದರು, ಹೊರಗಿನವರೆದುರು ಅದನ್ನೇ ಜಂಬದಿಂದ ಹೇಳಿಕೊಳ್ಳುತ್ತಿದ್ದರು. ಆ ಮರ್ಯಾದೆ ಜಯಕರರಿಗೆ ಬಹಳ ರುಚಿಸಿತು. ಕಚೇರಿಯಲ್ಲಿ ಅವರನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ.

ಸಚಿನ್ ಯುವಧಾರದ ಗೋಲ್‌ಕೀಪರ್ ಆದ ವರ್ಷ ಅವರು ತಾವಾಗಿಯೇ ಬ್ರದರ್ಸ್ ಕ್ಲಬ್ಬಿಗೆ ಹೋಗಿ, ಇನ್ನು ಬೇರೆಯವರನ್ನು ನೋಡಿಕೊಳ್ಳಿ ಎಂದರು. ಬ್ರದರ್ಸಿನ ನಾಯಕ ಅಲ್ವಿನ್, ಕಂಟೇನರ್ ಟರ್ಮಿನಲ್ಲಿನ ಕ್ರೇನ್ ಆಪರೇಟರ್, ಒಪ್ಪಲಿಲ್ಲ.

“ಕ್ರಿಕೆಟಿನ ಹೆಸರಿಟ್ಟು ಗೋಲಿಗೆ ನಿಲ್ಲಿಸಿದ್ದೀರಿ ಸಾರೇ, ಅವನಿಂದ ನಮಗೇನು ಭಯ? ಸಾರ್‌ಗೆ ಮಗ ಬೇರೆ, ವಿಸಿಲ್ ಬೇರೆ. ದ್ವೀಪಕ್ಕೆಲ್ಲ ಗೊತ್ತು.”

ಜಯಕರ ಆಗಲೂ ಬೇಡವೆನ್ನಬಹುದಿತ್ತು. ಅನ್ನಲಿಲ್ಲ.

ಫೈನಲಿನ ಕೊನೆಯ ಹೊತ್ತಿಗೆ ಎರಡೂ ಕಡೆ ಒಂದೊಂದು ಗೋಲು. ಯುವಧಾರದವನೊಬ್ಬ ಚೆಂಡಿಗೆ ಕೈ ತಾಗಿಸಿದ. ಜಯಕರ ತಡವಿಲ್ಲದೆ ಬ್ರದರ್ಸಿಗೆ ಪೆನಾಲ್ಟಿ ಕೊಟ್ಟರು. ಅಲ್ಲಿಯವರೆಗೆ ಅವರ ನ್ಯಾಯದಲ್ಲಿ ಕೊರತೆಯಿರಲಿಲ್ಲ. ಹೊಡೆಯುವವನು ಅಲ್ವಿನ್. ಕೀಪರನಿಗೆ ಗೆರೆ ಬಿಟ್ಟು ಬರಬೇಡವೆಂದು ಹೇಳುವುದು ರೆಫರಿಯ ಕೆಲಸ. ಮಗನ ಬಳಿ ಹೋಗಿ ಅದನ್ನು ಮಲಯಾಳದಲ್ಲಿ ಗಟ್ಟಿಯಾಗಿ ಹೇಳಿದರು. ಅದೇ ಉಸಿರಿನಲ್ಲಿ, ಕನ್ನಡದಲ್ಲಿ:

“ಅವ ಯಾವಾಗಲೂ ನಿನ್ನ ಬಲಕ್ಕೇ ಹೊಡೆಯುವುದು.”

ಸಚಿನ್ ಬಲಕ್ಕೆ ಹಾರಿದ. ಹಿಡಿದ. ಆ ಚೆಂಡೇ ಮುಂದೆ ಹೋಗಿ ಯುವಧಾರದ ಗೆಲುವಿನ ಗೋಲಾಯಿತು.

ಬ್ರದರ್ಸಿನ ಜನ ಹಗ್ಗ ಹಾರಿ ಒಳಗೆ ನುಗ್ಗಿದರು. “ಸಾರೇ, ಮಗನ ಹತ್ತಿರ ನಿಮ್ಮ ಭಾಷೆಯಲ್ಲಿ ಎಂತ ಹೇಳಿದ್ದು?”

“ಕೈಗೆ ಪೆಟ್ಟಾಗಿತ್ತು. ನೋವುಂಟಾ ಅಂತ ಕೇಳಿದೆ.”

ಅಲ್ವಿನ್ ತನ್ನವರನ್ನು ಹಿಂದಕ್ಕೆ ತಳ್ಳಿದ. “ಸಾರ್ ಹೇಳಿದರೆ ಮುಗೀತು. ನಡೀರೋ.”

ಅವರು ಅಷ್ಟು ಸುಲಭವಾಗಿ ನಂಬಿದ್ದು ಜಯಕರರಿಗೆ ಬೈಗುಳಕ್ಕಿಂತ ಕಷ್ಟವಾಯಿತು.

ಮನೆಯಲ್ಲಿ ಸಚಿನ್ ಕೇಳಿದ. “ಅಚ್ಛಾ, ನೀವು ಹೇಳದಿದ್ದರೆ ನಾನು ಹಿಡಿಯುತ್ತಿರಲಿಲ್ಲವಾ?”

“ಹಿಡಿಯುತ್ತಿದ್ದೆ.”

“ಹಾಗಾದರೆ ಯಾಕೆ ಹೇಳಿದ್ದು? ಈಗ ನನಗೆ ಹೇಗೆ ಗೊತ್ತಾಗಬೇಕು?”

“ಬಾಯಿ ತಪ್ಪಿ ಬಂತು ಮಾರಾಯ.”

“ಪೆಟ್ಟಿನ ಸುಳ್ಳೂ ಬಾಯಿ ತಪ್ಪಿಯೇ ಬಂದದ್ದಾ?”

ಶನಿವಾರ ಬಂದ ಸರೋಜಿನಿ ಎಲ್ಲವನ್ನೂ ಕೇಳಿಸಿಕೊಂಡು ಹೇಳಿದರು: “ನೀವು ಹೇಳಿದ್ದನ್ನು ನಾಳೆಯೂ ಹೋಗಿ ತಿದ್ದಲಿಕ್ಕೆ ಆಗ್ತದೆ. ಇವ ಹಿಡಿದದ್ದನ್ನು ಎಂತ ಮಾಡುವುದು?”

ಭಾನುವಾರ ಸಚಿನ್ ತಾಯಿಯ ಜೊತೆ ರೈಲು ಹತ್ತಿದ. ತಿರುವನಂತಪುರದಲ್ಲಿ ಓದು ಮುಂದುವರಿಸಿದ. ಅಲ್ಲಿಯ ಒಂದು ಕ್ಲಬ್ಬಿನ ಗೋಲಿಗೂ ನಿಂತ. ಹೊರಡುವಾಗ ಅಂದದ್ದು ಇಷ್ಟು: “ನೀವು ಬ್ರದರ್ಸಿನವರಿಗೆ ನಿಜ ಹೇಳಿದ ದಿನ ನಾನು ಬರುತ್ತೇನೆ.”

ಜಯಕರ ಹೇಳಲಿಲ್ಲ. ಮುಂದಿನ ವಾರ ಎಂದುಕೊಂಡರು, ಓಣಂ ಕಳೆಯಲಿ ಎಂದರು, ಮಳೆ ನಿಲ್ಲಲಿ ಎಂದರು. ಮತ್ತೆ ಫೈನಲ್ ಬಂತು. ಮತ್ತೆ ಅವೇ ಎರಡು ಕ್ಲಬ್ಬು. ಕರೆಯಲು ಅಲ್ವಿನ್ ಒಬ್ಬನೇ ಮನೆಗೆ ಬಂದ.

“ನಾನು ಬರುವುದಿಲ್ಲ ಅಲ್ವಿನ್. ಹೋದ ವರ್ಷ ನಾನು ಹೇಳಿದ್ದು ಸುಳ್ಳು.”

“ಗೊತ್ತು ಸಾರೇ.”

ಜಯಕರ ಎದ್ದು ಬಾಗಿಲು ಹಾಕಿ ಬಂದು ಕೂತರು.

“ನಮ್ಮ ದಡದ ಸುಮಯ್ಯಾ ಇದ್ದಾಳಲ್ಲವಾ, ಲ್ಯಾಬಿನಲ್ಲಿ ಕೆಲಸ ಮಾಡುವವಳು? ಗೋಲಿನ ಹಿಂದೆಯೇ ನಿಂತಿದ್ದಳು. ಅವಳು ಉಪ್ಪಳದವಳು. ಕನ್ನಡ ಸ್ಕೂಲಿನಲ್ಲಿ ಓದಿದ್ದಾಳಂತೆ. ಅವತ್ತೇ ಬಂದು ನನಗೆ ಹೇಳಿದಳು.”

ಸುಮಯ್ಯಾ ತಮ್ಮ ಕುಂಬಳೆಗೆ ಹತ್ತಿರದ ಉಪ್ಪಳದವಳೆಂದು ಜಯಕರರಿಗೆ ಮೊದಲೇ ಗೊತ್ತಿತ್ತು. ಅವಳು ಮಲಯಾಳದಲ್ಲಿ ಮಾತಾಡಿಸಿದ್ದಳು, ಇವರು ಮಲಯಾಳದಲ್ಲೇ ಉತ್ತರಿಸಿದ್ದರು. ತಲೆಗೆ ಶಾಲು ಹೊದ್ದವಳಿಗೆ ಕನ್ನಡ ಬರುತ್ತದೆಂದು ಕಾಸರಗೋಡಿನಲ್ಲಿ ಹುಟ್ಟಿ ಬೆಳೆದ ಮನುಷ್ಯನಿಗೆ ಹೊಳೆಯಲೇ ಇಲ್ಲ. ದಡ್ಡತನವೆಂದರೆ ಇದೇ, ಇದಕ್ಕೆ ಬೇರೆ ಹೆಸರು ಬೇಡ.

“ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ?”

“ಅವತ್ತು ಹೇಳಿದ್ದರೆ ಮೈದಾನದಲ್ಲೇ ಹೆಣ ಬೀಳುತ್ತಿತ್ತು. ಆಗ ಕಣ್ಣು ಹೋದದ್ದು ನನ್ನ ಚೇಟ್ಟನದ್ದು, ಸ್ವಂತ ಅಣ್ಣನದ್ದು ಸಾರೇ. ಕಪ್ ಹೋದರೆ ಇನ್ನೊಂದು ಬರುತ್ತದೆ. ಸುಮಯ್ಯಾಗೂ ಆಣೆ ಹಾಕಿಸಿ ಬಾಯಿ ಮುಚ್ಚಿಸಿದೆ.”

“ಈಗ ನಾನೇ ಎಲ್ಲರೆದುರು ಹೇಳಿಬಿಡುತ್ತೇನೆ.”

“ಹೇಳಿದರೆ ಸಾರ್‌ಗೆ ಹಗುರ ಆಗುತ್ತದೆ. ತಲೆ ಒಡೆಯುವುದು ನಮ್ಮ ಹುಡುಗರದ್ದು. ಬೇರೆ ರೆಫರಿ ಎಲ್ಲಿದ್ದಾನೆ? ಬಂದು ಊದಿ.” ಅಲ್ವಿನ್ ಎದ್ದ. “ಬಾಯಿ ಮಾತ್ರ ತೆರೆಯಬೇಡಿ.”

ಜಯಕರ ಹೋದರು. ದ್ವೀಪದ ಶಾಂತಿಗಾಗಿ ಹೋದೆ ಎಂದು ತಮಗೆ ತಾವೇ ಹೇಳಿಕೊಂಡರು. ಅದು ನಿಜವೂ ಹೌದು, ಅನುಕೂಲವೂ ಹೌದು. ಆಟದುದ್ದಕ್ಕೂ ಒಂದು ಮಾತೂ ಆಡದೆ ಕೈಸನ್ನೆಯಲ್ಲೇ ಮುಗಿಸಿದರು. ಬ್ರದರ್ಸ್ ಗೆದ್ದಿತು, ಗಲಾಟೆಯಾಗಲಿಲ್ಲ. ಯುವಧಾರದ ಹಿರಿಯರೊಬ್ಬರು ಅವರ ಕೈ ಹಿಡಿದು, ನಿಮ್ಮಂಥ ಮನುಷ್ಯ ಈ ದ್ವೀಪದಲ್ಲಿ ಇನ್ನೊಬ್ಬನಿಲ್ಲ ಎಂದರು.

ಸಂಜೆ ತಿರುವನಂತಪುರಕ್ಕೆ ಫೋನ್ ಮಾಡಿದರು. ಸರೋಜಿನಿ ಮಗನ ಕೈಗೆ ಕೊಟ್ಟರು.

“ರೆಫರಿ ಯಾರಿದ್ದರು?”

“ನಾನೇ.”

“ಹೇಳಿದಿರಾ?”

“ಅಲ್ವಿನ್‌ಗೆ ಹೇಳಿದೆ. ಅವನಿಗೆ ಮೊದಲೇ ಗೊತ್ತಿತ್ತು. ಉಳಿದವರಿಗೆ ಹೇಳಬೇಡ ಅಂತ ಅವನೇ...”

“ಶರಿ ಅಚ್ಛಾ,” ಎಂದ ಸಚಿನ್, ದೂರವಾಣಿ ಕಚೇರಿಯ ಗುರುತಿಲ್ಲದವರಿಗೆ ಹೇಳುವಷ್ಟು ವಿನಯದಿಂದ. “ಅಮ್ಮನ ಹತ್ತಿರ ಕೊಡುತ್ತೇನೆ.”