ನಡದ್ರ ಏರುವ ಪಿತ್ತ

ನನಗೊಂದು ಜಂಬವಿದೆ, ಮುಚ್ಚಿಡುವುದಿಲ್ಲ. ಊರೂರಿಗೆ ಮೊಬೈಲ್ ಕಾಲಿಡುತ್ತಿದ್ದ ವರ್ಷಗಳಲ್ಲಿ ನಾನು ಹೃದಯಾಘಾತದ ಸಂಶೋಧನೆಯೊಂದರಲ್ಲಿ ನರ್ಸ್ ಆಗಿದ್ದೆ. ಸದಲಗಾ, ಭೋಜದ ಕಡೆ ಮನೆಮನೆಗೆ ಹೋಗಿ ಫಾರ್ಮ್ ತುಂಬುವುದು ಕೆಲಸ. ಏಳನೇ ಪ್ರಶ್ನೆ, 'ಎದೆನೋವು ಬರುತ್ತದೆಯೇ?' ಹೆಚ್ಚುಕಡಿಮೆ ಎಲ್ಲರೂ ಇಲ್ಲ ಅನ್ನುತ್ತಿದ್ದರು. ನಾನೂ 'ಇಲ್ಲ' ಎಂದು ಬರೆದುಕೊಂಡು ಬರುತ್ತಿದ್ದೆ. ಗಟ್ಟಿಮುಟ್ಟು ಜನ ಅಂತ ಮೆಚ್ಚಿಕೊಂಡದ್ದೂ ಉಂಟು, ನನ್ನ ತಲೆ.

ಭೋಜದಲ್ಲಿ ತಂಬಾಕಿನ ಹೊಲಕ್ಕೆ ಕೂಲಿಗೆ ಹೋಗುವ ಹೆಂಗಸೊಬ್ಬಳೂ ಹಾಗೇ ಅಂದಳು. ಚಹಾ ಕುಡಿದೇ ಹೋಗಬೇಕೆಂದು ಹಠ ಹಿಡಿದು, ನೀರಿನ ಕೊಡ ಹೊತ್ತು ತಂದವಳು ಹೊಸ್ತಿಲಲ್ಲೇ ಕುಸಿದು ಕೂತಳು. ಕೈ ಎದೆಯ ಮೇಲೆ, ಮೈಯೆಲ್ಲ ಬೆವರು. ಈಗಷ್ಟೇ ನೋವಿಲ್ಲ ಅಂದೆಯಲ್ಲ ಎಂದು ರೇಗಿದೆ.

"ನೋವಲ್ಲರೀ ಅಕ್ಕಾರ, ಪಿತ್ತ. ನಡದ್ರ ಏರತೈತಿ, ಕುಂತ್ರ ಇಳೀತೈತಿ."

ನಮ್ಮ ಕಡೆ ಎದೆಯಲ್ಲಿ ಉರಿದರೂ ಪಿತ್ತ, ಹಿಂಡಿದರೂ ಪಿತ್ತ. ಆದರೆ ನಡೆದಾಗ ಏರಿ ಕುಳಿತಾಗ ಇಳಿಯುವುದು ಹೃದಯದ ರಕ್ತನಾಳ ಕಟ್ಟಿಕೊಳ್ಳುತ್ತಿರುವ ಲಕ್ಷಣ. ಆ ದಿನವಂತೂ ಕುಳಿತರೂ ಇಳಿಯಲಿಲ್ಲ. ಸೋಡಾ ಕುಡಿದರೆ ಸರಿಹೋಗುತ್ತದೆ ಎಂದ ಅವಳ ಗಂಡನನ್ನು ಬೈದು, ನಮ್ಮ ಜೀಪಿನಲ್ಲೇ ಆಸ್ಪತ್ರೆಗೆ ಸಾಗಿಸಿದೆ. ಇಸಿಜಿ ತೆಗೆದರೆ ಹೃದಯಾಘಾತವೇ. ಬದುಕಿದಳು.

ಆದರೆ ನಾನು 'ಇಲ್ಲ' ಎಂದು ಬರೆದ ಉಳಿದವರ ಗತಿ? ಏಳನೇ ಪ್ರಶ್ನೆಯನ್ನು ಜನರ ಮಾತಿನಲ್ಲೇ ಕೇಳೋಣ ಎಂದೆ. ಸಂಶೋಧನೆಯ ಹಿರಿಯ ಡಾಕ್ಟರರು, ನಡುವೆ ಪ್ರಶ್ನೆ ಬದಲಿಸಿದರೆ ಸಂಶೋಧನೆ ಕೆಡುತ್ತದೆ ಅಂದರು. ಜನ ಸತ್ತರೆ ಕೆಡುವುದಿಲ್ಲವೇ ಎಂದು ಎದುರು ನಿಂತು ಕೇಳಿಬಿಟ್ಟೆ. ಮರುದಿನ ಅವರೇ ಫಾರ್ಮಿಗೆ ಸೇರಿಸಲು ಪಿತ್ತದ ಪ್ರಶ್ನೆಯ ಹಾಳೆ ಕೊಟ್ಟರು. ಅದನ್ನು ಹಿಡಿದು, ಮೊದಲು ಹೋಗಿದ್ದ ಮನೆಗಳಿಗೆಲ್ಲ ಮತ್ತೆ ಹೋದೆ. ಮೊದಲು ಇಲ್ಲ ಅಂದವರಲ್ಲಿ ಎಷ್ಟೋ ಮಂದಿ ಈಗ ಹೌದ್ರಿ ಅಂದರು. ಒಬ್ಬರನ್ನೂ ಬಿಡದೆ ಇಸಿಜಿಗೆ ಕಳಿಸಿದೆ.

ಮುಂದೆ ಅಥಣಿ, ರಾಯಬಾಗದ ಹಳ್ಳಿಗಳಿಗೂ ಹೊಸ ಫಾರ್ಮ್ ಅಚ್ಚಾಗಿ ಬಂತು. ಒಂದನ್ನು ಹಿಡಿದು ಭೋಜಕ್ಕೆ, ಆ ಹೆಂಗಸಿನ ಮನೆಗೆ ಹೋದೆ. ಅವಳಿಗೆ ಓದು ಬಾರದು, ನಾನೇ ಏಳನೆಯದನ್ನು ಓದಿದೆ: 'ಪಿತ್ತ ನಡದ್ರ ಏರತೈತೇನ್ರಿ? ಕುಂತ್ರ ಇಳೀತೈತೇನ್ರಿ?'

ಅವಳು ಹಾಳೆ ಇಸಿದುಕೊಂಡು, ಸೋಡಾ ಅಂದಿದ್ದ ಗಂಡನ ಮುಂದೆ ಹಿಡಿದಳು.

"ನೋಡ್ರಿ, ಡಾಕ್ಟರ್ ಮಂದಿ ನನ್ನ ಮಾತ ಕೇಳಾಕತ್ತಾರ."