ನೀಹಾರಿಕೆಗೆ ಅಕ್ಕ ಹೇಳಿದ ಬಣ್ಣ

ಜಯನಗರದ ಆ ಪ್ರಿಂಟಿಂಗ್ ಅಂಗಡಿಗೆ ಒಂದು ವಾಸನೆಯಿದೆ. ಬೆಚ್ಚಗಾದ ಕಾಗದ, ಶಾಯಿ, ಪಕ್ಕದ ದರ್ಶಿನಿಯ ಕಾಫಿ ಎಲ್ಲ ಸೇರಿದ್ದು. ಮೊನ್ನೆ ಅದನ್ನು ಮೂಗಿಗೆ ತುಂಬಿಕೊಂಡು ನಿಂತಿದ್ದಾಗ ಅಂಗಡಿಯವರು ಪರದೆಯನ್ನು ನನ್ನ ಕಡೆ ತಿರುಗಿಸಿ, "ಸಾರ್, ಫೋಟೋದಲ್ಲಿ ನೀಲಿ ಸಖತ್ ಜಾಸ್ತಿ ಆಗಿದೆ. ಕರೆಕ್ಟ್ ಮಾಡ್ಲಾ?" ಎಂದರು. ನಾನು ಪರದೆಯತ್ತ ಬಗ್ಗಿದೆ.

ಫೋಟೋ ನಾನೇ ತೆಗೆದದ್ದು, ಗುಲಾಬಿಯಾಕಾರದ ಒಂದು ನೀಹಾರಿಕೆ, ಅಂದರೆ ನಕ್ಷತ್ರಗಳ ನಡುವಿನ ಅನಿಲದ ಮೋಡ. ನಿವೃತ್ತನಾದ ಮೇಲೆ ಹತ್ತಿದ ಹುಚ್ಚು ಇದು. ಗಿರಿನಗರದ ನಮ್ಮ ತಾರಸಿಯಿಂದ, ದೂರದರ್ಶಕಕ್ಕೆ ಬೀದಿದೀಪಗಳ ಬೆಳಕನ್ನು ತಡೆಯುವ ಫಿಲ್ಟರ್ ಹಾಕಿ, ಒಂದೇ ದೃಶ್ಯವನ್ನು ನೂರಾರು ಸಲ ಹಿಡಿದು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಪೇರಿಸಿದರೆ ಹೊಗೆಯಂಥದ್ದೇನೋ ಮೂಡುತ್ತದೆ. ಅದರ ಬಣ್ಣ ಎಬ್ಬಿಸುವುದು ಆಮೇಲಿನ ಕೆಲಸ. ಇಲ್ಲಿ ನೀವು ನಗಬಹುದು: ನನಗೆ ಹುಟ್ಟಿನಿಂದ ಬಣ್ಣಗುರುಡು. ಕೆಂಪು, ಹಸಿರು ಒಂದೇ. ನೀಲಿ, ನೇರಳೆಯೂ ಒಂದೇ. ಇಂಥವನು ಆಕಾಶಕ್ಕೆ ಬಣ್ಣ ತುಂಬಲು ಹೊರಟಿದ್ದೆ.

ಕಣ್ಣಾಗಿ ಒದಗಿದವಳು ಅಕ್ಕ. ಭಾವ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದಳು. ಭಾನುವಾರ ತಿಂಡಿಯಾದ ಮೇಲೆ ನಾನು ಲ್ಯಾಪ್‌ಟಾಪ್ ತೆರೆದರೆ, ಹುರುಳಿಕಾಯಿಯ ತಟ್ಟೆ ಹಿಡಿದು ಪಕ್ಕದಲ್ಲಿ ಕೂರುವಳು. ಬಣ್ಣಕ್ಕೆಲ್ಲ ಅವಳದು ಸೀರೆಯ ಲೆಕ್ಕ. "ಇದು ನನ್ನ ಧಾರೆ ಸೀರೆ ಕೆಂಪು ಕಣೋ. ಅಂಚಿಗೆ ಒಂಚೂರು ನೀಲಿ ಬಿಡು. ಇನ್ನೂ ಸ್ವಲ್ಪ." ನಾನು ವಿಧೇಯನಾಗಿ ಏರಿಸುತ್ತಿದ್ದೆ. ವರ್ಷ ಕಳೆದಂತೆ ಅವಳು ಕೇಳುವ ನೀಲಿಯೂ ಹೆಚ್ಚುತ್ತಾ ಹೋಯಿತು. ವಾಟ್ಸಾಪ್ ಗುಂಪಿನ ಗೆಳೆಯರು ಚಪ್ಪಾಳೆ ಒತ್ತಿ ಸುಮ್ಮನಾಗುತ್ತಿದ್ದರು, ಪಾಪ, ಸಜ್ಜನರು.

ಆಮೇಲೆ ಅಕ್ಕನ ಕಣ್ಣಿನ ಪೊರೆ ತೆಗೆಸಿದೆವು. ಪಟ್ಟಿ ಬಿಚ್ಚಿಸಿಕೊಂಡು ಬಂದವಳು ಗೋಡೆಯ ಚಿತ್ರಗಳ ಮುಂದೆ ನಿಂತೇಬಿಟ್ಟಳು. "ಇದ್ಯಾಕೋ ಹೀಗೆ ನೀಲಿ ಸುರಿದಿದೀಯ?"

ಪೊರೆ ಬೆಳೆದ ಕಣ್ಣಿಗೆ ನೀಲಿ ಸರಿಯಾಗಿ ಕಾಣುವುದಿಲ್ಲವೆಂದು ಡಾಕ್ಟರು ವಿವರಿಸಿದಾಗ ಅವಳ ಮುಖ ಸಣ್ಣದಾಯಿತು. "ನನ್ನ ನಂಬ್ಕೊಂಡಿದ್ದೆ ನೀನು. ಇಷ್ಟು ವರ್ಷ ತಪ್ಪು ಹೇಳ್ಬಿಟ್ನಲ್ಲೋ."

"ಇಬ್ರದ್ದೂ ಸೇರಿ ಒಂದ್ ಜೊತೆ ಒಳ್ಳೆ ಕಣ್ಣಿಲ್ಲ ನೋಡು" ಎಂದೆ. ಅವಳು ನಕ್ಕಳು, ನನಗೆ ಅಳು ಬಂತು.

ಮುಂದಿನ ಭಾನುವಾರದಿಂದಲೇ ಹಳೆಯ ಚಿತ್ರಗಳನ್ನು ಒಂದೊಂದಾಗಿ ತಿದ್ದಿಸತೊಡಗಿದಳು. ಈ ಗುಲಾಬಿಯೊಂದು ಉಳಿದಿತ್ತು, ಅಷ್ಟರಲ್ಲಿ ಹೃದಯಾಘಾತದಿಂದ ಹೋಗಿಬಿಟ್ಟಳು. ಆಮೇಲೆ ಬಣ್ಣದ ಕೆಲಸಕ್ಕೆ ನಾನು ಕೈಹಾಕಿಲ್ಲ.

"ಸಾರ್?" ಅಂಗಡಿಯವರು ಕಾಯುತ್ತಿದ್ದರು.

"ಬೇಡ. ಅದು ನಮ್ಮಕ್ಕ ಹೇಳಿದ ನೀಲಿ. ಹಾಗೇ ಪ್ರಿಂಟ್ ಹಾಕಿ."

ಅವರು ಹಾಗೇ ಪ್ರಿಂಟಿಗೆ ಕೊಟ್ಟರು. ಪೆನ್‌ಡ್ರೈವಿನಲ್ಲಿ ಇನ್ನೊಂದು ಚಿತ್ರವಿತ್ತು. ಅಕ್ಕ ನೋಡಿಯೇ ಇರದ, ಬಣ್ಣವೇ ಎಬ್ಬಿಸದ ಬೂದು ಹೊಗೆ. ಅದನ್ನು ತೆರೆಯಲು ಹೇಳಿ ಸ್ಟೂಲ್ ಎಳೆದುಕೊಂಡೆ.

"ನನಗೆ ಬಣ್ಣ ತಿಳಿಯೋಲ್ಲ. ನೀವು ನೋಡಿ ಹೇಳ್ತೀರಾ?"